ಹಳ್ಳದ ಆಚೆ ತುದಿಗೆ ಕೊಟ್ಟ ಮಗಳು

ನಮ್ಮೂರಲ್ಲಿ ಹೆಣ್ಣು ಕೊಡುವವರು ಹುಡುಗನ ಬಣ್ಣ, ಎತ್ತರ, ಗುಣ ಎಲ್ಲವನ್ನೂ ಆಮೇಲೆ ವಿಚಾರಿಸುತ್ತಾರೆ. ಮೊದಲು ಕೇಳುವುದು ಅವನ ಮನೆ ಹಳ್ಳದ ಯಾವ ತುದಿಗಿದೆ ಎಂದು. ಮೂಡಣ ತುದಿಗೆ ಮೂಡಗೇರಿ, ಪಡುವಣ ತುದಿಗೆ ಪಡುಗೇರಿ, ನಡುವೆ ಒಂದು ಸೇತುವೆ. ಮೂಡಗೇರಿಯ ಹುಡುಗಿಯನ್ನು ಪಡುಗೇರಿಗೇ ಕೊಡಬೇಕು, ಪಡುಗೇರಿಯ ಹುಡುಗಿ ಮೂಡಗೇರಿಗೇ ಬರಬೇಕು. ನಾನು ಹುಟ್ಟಿದ್ದು ಪಡುಗೇರಿಯಲ್ಲಿ. ಮದುವೆಯಾಗಿ ಸೇತುವೆ ದಾಟಿ ಮೂಡಗೇರಿಯ ಬಣ್ಣಗಾರರ ಮನೆಗೆ ಬಂದೆ. ನನ್ನ ಒಬ್ಬಳೇ ಮಗಳು ಕಸ್ತೂರಿ ಅದೇ ಸೇತುವೆ ದಾಟಿ ಆ ಕಡೆಗೆ ಹೋದಳು. ಒಂದೇ ತುದಿಯ ಹುಡುಗ ಹುಡುಗಿ ಮೆಚ್ಚಿ ಮದುವೆಯಾದರೆ ಯಾರೂ ಬೈಯುವುದಿಲ್ಲ, ಆದರೆ ಆ ಮನೆಯವರು ಹಳ್ಳಕ್ಕಿಳಿದಾಗ ನೆರೆಯವರು ಅವರ ಮೇಲೆ ಒಂದು ಕಣ್ಣಿಟ್ಟೇ ಇರುತ್ತಾರೆ.

ಇದೆಲ್ಲ ಹಳ್ಳದ ಸಲುವಾಗಿ. ನಮ್ಮ ಹಳ್ಳ ಬೆಳಗ್ಗೆ ಮೂಡಗೇರಿಯಿಂದ ಪಡುಗೇರಿಯ ಕಡೆಗೆ ಹರಿಯುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ. ಆಮೇಲೆ ಹೊಳ್ಳಿ, ಪಡುಗೇರಿಯಿಂದ ಮೂಡಗೇರಿಯ ಕಡೆಗೆ ಹರಿಯತೊಡಗುತ್ತದೆ. ಊರು ಮಲಗಿದ ಮೇಲೆ ಯಾವಾಗಲೋ ಮತ್ತೊಮ್ಮೆ ಹೊಳ್ಳುತ್ತದೆ. ಎರಡು ತುದಿಗೂ ಜೊಂಡು ತುಂಬಿದ ಕೆರೆಗಳಿವೆ. ಊರು ತೊಳೆದ ಕೊಳೆಯನ್ನೆಲ್ಲ ಜೊಂಡು ಹಿಡಿದಿಟ್ಟುಕೊಂಡು ನೀರನ್ನು ತಿಳಿ ಮಾಡಿ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ನಮ್ಮ ನಿಯಮ ಸರಳ. ನೀರು ನಿನ್ನ ತುದಿಯಿಂದ ಊರೊಳಗೆ ಬರುವಾಗ ಕೊಡ ತುಂಬಿಕೊ, ನಿನ್ನ ತುದಿಯಿಂದ ಊರಾಚೆ ಹೋಗುವಾಗ ತೊಳೆದುಕೊ. ಬೆಳಗ್ಗೆ ಮೂಡಗೇರಿ ಕುಡಿಯುವ ನೀರು ತುಂಬುತ್ತದೆ, ಪಡುಗೇರಿ ಬಟ್ಟೆ ಒಗೆಯುತ್ತದೆ. ಮಧ್ಯಾಹ್ನದ ಮೇಲೆ ಪಡುಗೇರಿ ತುಂಬುತ್ತದೆ, ನಾವು ಬಣ್ಣದ ನೂಲು ತೊಳೆಯುತ್ತೇವೆ. ಇದನ್ನು ಕಾಯಲು ಕಾವಲುಗಾರರಿಲ್ಲ, ದಂಡ ಹಾಕುವವರಿಲ್ಲ. ಮಗಳು ಕುಡಿಯುವ ನೀರನ್ನು ಯಾವ ತಾಯಿಯೂ ಕೆಡಿಸಲಾರಳು ಎಂಬ ಒಂದೇ ಭರವಸೆಯ ಮೇಲೆ ಊರು ನಡೆಯುತ್ತಿತ್ತು.

ಒಮ್ಮೆ ಹೊರಗಿನಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಸೇತುವೆಯ ಮೇಲೆ ನಿಂತು, ನೀರು ಹೊಳ್ಳುವುದನ್ನು ಕಣ್ಣಾರೆ ಕಂಡು, ಇದು ಹೇಗೆ ಸಾಧ್ಯ ಎಂದು ನನ್ನ ಗಂಡ ಯಮನಪ್ಪನನ್ನು ಕೇಳಿದ. "ಹ್ಯಾಂಗ ಅಂದ್ರ? ಮಧ್ಯಾಹ್ನ ಆತಲ್ರೀ ಸಾಹೇಬ್ರ," ಎಂದು ಇವರು ಹೇಳಿದರು. ಪಾಪ, ಅವನು ಊಟ ಕೂಡ ಮಾಡದೆ ಹೋದ.

ನೀರು ನಿಂತ ಹೊತ್ತಿನಲ್ಲಿ ಯಾರೂ ಹಳ್ಳ ಮುಟ್ಟುವುದಿಲ್ಲ. ಅದು ಸೇತುವೆಯ ಮೇಲೆ ತಾಯಂದಿರು, ಹೆಣ್ಣುಮಕ್ಕಳು ಭೇಟಿಯಾಗುವ ಹೊತ್ತು. ಆ ಕಡೆಯಿಂದ ಅವರು ಬರುತ್ತಾರೆ, ಈ ಕಡೆಯಿಂದ ನಾವು ಹೋಗುತ್ತೇವೆ, ನಡುವೆ ನಿಂತು ಉಪ್ಪಿನಕಾಯಿ, ಚಟ್ನಿಪುಡಿ, ಅತ್ತೆಯರ ಮೇಲಿನ ದೂರು ಎಲ್ಲ ಕೈ ಬದಲಾಗುತ್ತವೆ. ಸೇತುವೆಯ ಗಂಟೆ ನೋಡಿಕೊಳ್ಳುವ ಚಂದ್ರಾಮಪ್ಪ ನೀರಿಗೆ ಒಂದು ಹಿಡಿ ಹೊಟ್ಟು ಎಸೆದು ಬಗ್ಗಿ ನೋಡುತ್ತಿರುತ್ತಾನೆ. ಹೊಟ್ಟು ಮೂಡಣಕ್ಕೆ ಸರಿದರೆ ನೀರು ಹೊಳ್ಳಿತು ಎಂದು ಗಂಟೆ ಬಾರಿಸುತ್ತಾನೆ. ಗಂಟೆ ಕೇಳಿದ ಕೂಡಲೇ ಹೆಂಗಸರು ಕಣ್ಣೊರೆಸಿಕೊಂಡು ಅವರವರ ದಾರಿ ಹಿಡಿಯುತ್ತಾರೆ. ಅವರು ಕೊಡ ಹಿಡಿಯಲು, ನಾವು ನೂಲಿನ ಲಡಿ ಹೊರಲು.

ಕಸ್ತೂರಿ ಬಸುರಿಯಾದ ಬೇಸಿಗೆಯಲ್ಲಿ ಹಳ್ಳ ಹೊಳ್ಳಲು ತಡ ಮಾಡತೊಡಗಿತು. ಮೊದಮೊದಲು ಅದು ಯಾರ ಗಮನಕ್ಕೂ ಬರಲಿಲ್ಲ. ಸೇತುವೆಯ ಮೇಲೆ ಮಾತಾಡಲು ಇನ್ನಷ್ಟು ಹೊತ್ತು ಸಿಕ್ಕಿತೆಂದು ನಮಗೆ ಖುಷಿಯೇ ಆಗಿತ್ತು. ಆಮೇಲೆ ನೆತ್ತಿಯ ಮೇಲಿನ ಸೂರ್ಯ ಪಡುವಣಕ್ಕೆ ವಾಲಿದರೂ ಹೊಟ್ಟು ಪಡುಗೇರಿಯ ಕಡೆಗೇ ಹೋಗುತ್ತಿತ್ತು. ಬಣ್ಣದ ಹಂಡೆಯಿಂದ ತೆಗೆದ ಲಡಿಯನ್ನು ಹೊತ್ತಿಗೆ ಸರಿಯಾಗಿ ತೊಳೆಯದಿದ್ದರೆ ಬಣ್ಣ ಕಲೆಕಲೆಯಾಗಿ ಕೂತುಬಿಡುತ್ತದೆ. ಅಂಥ ನೂಲನ್ನು ನೇಕಾರರು ಮುಖ ಸಿಂಡರಿಸಿ ವಾಪಸು ಕೊಡುತ್ತಾರೆ. ಮೂಡಗೇರಿಯ ಬಣ್ಣಗಾರರೆಲ್ಲ ಒದ್ದೆ ಲಡಿ ಹೆಗಲಿಗೆ ಹಾಕಿಕೊಂಡು ಹಳ್ಳಕ್ಕಿಳಿಯುವ ಪಾವಟಿಗೆಯ ಮೇಲೆ ಶಾಪ ಹಾಕುತ್ತ ಕೂರುತ್ತಿದ್ದರು. ಪಡುಗೇರಿಯಲ್ಲಿ ಒಲೆಯ ಮುಂದೆ ಹೆಂಗಸರು ಬರಿಗೊಡ ಹಿಡಿದು ಕೂರುತ್ತಿದ್ದರು.

ಕಾರಣ ಹೇಳುವವರಿಗೇನೂ ಕೊರತೆಯಿರಲಿಲ್ಲ. ಪಡುಗೇರಿಯವರು ಮನೆ ಕಟ್ಟಲು ನಡುಹಳ್ಳದ ಉಸುಕು ತೆಗೆದು ಗುಂಡಿ ಮಾಡಿದ್ದಾರೆಂದು ಮೂಡಗೇರಿಯವರು, ಮೂಡಗೇರಿಯವರು ಚಾಪೆ ಹೆಣೆಯಲೆಂದು ಕೆರೆಯ ಜೊಂಡು ಬೋಳಿಸಿದ್ದಾರೆಂದು ಪಡುಗೇರಿಯವರು. ಎರಡೂ ನಿಜ. ಹಳ್ಳದ ಉಸುಕಿಲ್ಲದ ಗೋಡೆ ನಮ್ಮೂರಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾನು ಮಾತ್ರ ಚಿಂತೆಯಲ್ಲಿ ಬಿದ್ದಿದ್ದೆ. ಕಾರಣ ಯಾವುದಾದರೂ ಇರಲಿ, ನನ್ನ ಮಗಳು ಆ ತುದಿಯಲ್ಲಿದ್ದಳು.

ಕೊನೆಗೆ ಸೇತುವೆಯ ಮೇಲೆ ಎರಡೂ ಕೇರಿಯ ಹಿರಿಯರು ಸೇರಿದರು. ಅಲ್ಲಿ ಯಾರ ಬಾಯಿಂದ ಮೊದಲು ಬಂತೋ ಗೊತ್ತಿಲ್ಲ, ತಪ್ಪೆಲ್ಲ ಚಂದ್ರಾಮಪ್ಪನದಾಯಿತು. "ವಯಸ್ಸಾತು, ಕೈಯಾಗ ಕಸುವಿಲ್ಲ, ಗಂಟಿ ಮೆತ್ತಗ ಹೊಡೀತಾನ. ನೀರಿಗೆ ಕೇಳಸಬೇಕಲ್ಲ?" ಎಂದರು ಒಬ್ಬರು. ಯಾರೂ ನಗಲಿಲ್ಲ. ಅಜ್ಜನ ಕಾಲದಿಂದ ಗಂಟೆಯೂ ನೀರೂ ಕೂಡಿಯೇ ಬಂದಿದ್ದವು. ಗಂಟೆ ಬಾರಿಸಿದ್ದಕ್ಕೇ ನೀರು ಹೊಳ್ಳುತ್ತದೆ ಎಂದು ಊರಿನ ತಲೆಯಲ್ಲಿ ಯಾವಾಗ ಕೂತಿತೋ, ಕೂತಿತ್ತು. ಚಂದ್ರಾಮಪ್ಪ ಕೈಮುಗಿದು, "ನಾ ಹೊಟ್ಟು ನೋಡಿ ಹೊಡಿಯಾಂವ್ರೀ. ನಾ ಹೊಡದ್ರ ನೀರು ಹೊಳ್ಳಂಗಿಲ್ಲ, ನೀರು ಹೊಳ್ಳಿದ್ರ ನಾ ಹೊಡೀತೀನಿ," ಎಂದ. ಅವನ ಮಾತು ಯಾರ ಕಿವಿಗೂ ಹೋಗಲಿಲ್ಲ. ಸೂರ್ಯ ನೆತ್ತಿಗೆ ಬಂದ ಕೂಡಲೇ ಗಟ್ಟಿಯಾಗಿ ಬಾರಿಸಬೇಕು, ಹೊಟ್ಟು ಗಿಟ್ಟು ನೋಡುತ್ತ ಕೂರಬಾರದು ಎಂದು ತೀರ್ಮಾನವಾಯಿತು.

ಮರುದಿನದಿಂದ ಗಂಟೆ ಹೊತ್ತಿಗೆ ಸರಿಯಾಗಿ ಮೊಳಗಿತು. ಊರಿಗೆ ನೆಮ್ಮದಿಯಾಯಿತು. ನಾನು ಎದುರುಮನೆಯ ಗೋಡೆಯ ನೆರಳಲ್ಲಿ ನಿಂತು ನೋಡಿದರೆ ನೀರು ಇನ್ನೂ ಪಡುಗೇರಿಗೇ ಹೋಗುತ್ತಿದೆ. "ಏನ್ರಿ, ನೀರು ಹೊಳ್ಳಿಲ್ಲ, ಲಡಿ ಇಳಿಸಬ್ಯಾಡ್ರಿ," ಎಂದು ಕೂಗಿದೆ. "ಗಂಟಿ ಆತಲ್ಲ ಶಾವಂತ್ರಿ. ಇನ್ನೇನು ಹೊಳ್ಳತೈತಿ, ಸುಮ್ಕಿರು," ಎಂದು ಇವರು ಲಡಿ ಅದ್ದಿಯೇ ಬಿಟ್ಟರು. ಕೆಟ್ಟ ಮನುಷ್ಯರಲ್ಲ ಇವರು. ಮಗಳ ಹೆಸರು ಹೇಳಿದರೆ ಕಣ್ಣು ತುಂಬಿಕೊಳ್ಳುವವರು. ಆದರೆ ಕಿವಿ ಕೇಳಿದ್ದನ್ನು ಕಣ್ಣು ಅಲ್ಲಗಳೆಯಬಾರದು ಎಂಬಂತೆ ತಲೆ ತಗ್ಗಿಸಿ ತೊಳೆದರು. ನೀಲಿ ಬಣ್ಣ ಸುರುಳಿ ಬಿಚ್ಚಿಕೊಂಡು ಸ್ವಲ್ಪ ದೂರ ಪಡುವಣಕ್ಕೆ ಹೋಗಿ, ಅಲ್ಲೇ ತಡವರಿಸಿ, ಆಮೇಲೆ ಹಿಂದಕ್ಕೆ ಬಂತು. ಅವತ್ತಿಗೆ ಏನೂ ಆಗಲಿಲ್ಲ. ದಿನ ಕಳೆದಂತೆ ಬಣ್ಣ ಇನ್ನಷ್ಟು ದೂರ ಹೋಗಿ ಹೊಳ್ಳತೊಡಗಿತು.

ಗಂಟೆಯ ಹೊತ್ತು ಬಿಗಿಯಾದ ಮೇಲೆ ಸೇತುವೆಯ ಮೇಲಿನ ಮಾತಿನ ಹೊತ್ತೂ ಹೋಯಿತು. ಒಂದು ದಿನ ಮಾತ್ರ ಕಸ್ತೂರಿ ಗಂಟೆಗೂ ಮೊದಲೇ ಬಂದು ಕಂಬಕ್ಕೊರಗಿ ನಿಂತಿದ್ದಳು. ಮುಖ ಬಾಡಿತ್ತು. "ಯವ್ವಾ, ಇತ್ತಿತ್ಲಾಗ ಚಾ ಸವಳ ಸವಳ ಹತ್ತತೈತಿ. ನಾಲಿಗಿ ಮ್ಯಾಲ ಸೋಡಾ ಇಟ್ಟಂಗ ಆಗತೈತಿ," ಎಂದಳು. "ಅತ್ತಿ ಅಂತಾರ, ಬಸುರ ಹೆಂಗಸಿನ ಬಾಯಿ ಹಂಗ ಅಂತ." ನಾವು ಬಣ್ಣದ ಹಂಡೆಗೆ ಹಾಕುವ ಸೋಡಾದ ರುಚಿ ನನಗೆ ಗೊತ್ತಿಲ್ಲವೇ? ಗಾಳಿಯಲ್ಲಿ ಹಾರಿ ಅದು ಎಷ್ಟು ಸಲ ನನ್ನ ತುಟಿಗೆ ತಾಗಿದೆ. ಅವಳನ್ನು ಹೆದರಿಸಬಾರದೆಂದು, "ನೀರು ಕಾಸಿ ಕುಡಿಯವ್ವಾ," ಎಂದೆ. ಕಾಸಿದರೆ ಸೋಡಾ ಎಲ್ಲಿಗೆ ಹೋಗುತ್ತದೆ? ಹಾಗೆ ಹೇಳಿ ಮನೆಗೆ ಬಂದವಳೇ ಒಂದು ಹಿಡಿ ಹೊಟ್ಟು ಕಟ್ಟಿಟ್ಟುಕೊಂಡೆ.

ಮರುದಿನ ಗಂಟೆ ಬಾರಿಸಿದಾಗ ನಾನು ಪಾವಟಿಗೆಯ ಕೊನೆಯ ಮೆಟ್ಟಿಲ ಮೇಲೆ ಹೊಟ್ಟು ಹಿಡಿದು ನಿಂತಿದ್ದೆ. ಎಸೆದೆ. ಹೊಟ್ಟು ಸೇತುವೆಯ ಕಡೆಗೆ, ಪಡುವಣಕ್ಕೆ, ಹೊತ್ತು ಗೊತ್ತಿಲ್ಲದ ದನದ ಹಾಗೆ ಸಾವಕಾಶ ನಡೆಯಿತು. ಅಷ್ಟರಲ್ಲಿ ಸಾಲಾಗಿ ಎಲ್ಲ ಬಣ್ಣಗಾರರೂ ಲಡಿ ಇಳಿಸಿದರು. ಅವತ್ತು ಎಲ್ಲರ ಹಂಡೆಯಲ್ಲೂ ನೀಲಿಯೇ ಇತ್ತು, ಹಬ್ಬದ ಸೀರೆಗಳ ನೂಲು. ಇಡೀ ಹಳ್ಳ ಕಣ್ಣೆದುರಲ್ಲೇ ನೀಲಿಯಾಗಿ ಸೇತುವೆಯ ಕೆಳಗೆ ತೂರಿ ಪಡುಗೇರಿಯತ್ತ ಹೊರಟಿತು. "ಅಯ್ಯೋ, ನಿಲ್ಲಸ್ರಿ! ನಿಮ್ಮ ಹೆಣ್ಣುಮಕ್ಕಳು ಕೊಡ ತುಂಬಾಕತ್ತಾರ!" ಎಂದು ಬಾಯಿ ಬಡಿದುಕೊಂಡೆ. ಕೆಲವರು ಕತ್ತೆತ್ತಿ ಗಂಟೆಯ ಕಡೆ ನೋಡಿದರು. ನೀರಿನ ಕಡೆ ನೋಡಲಿಲ್ಲ.

ನಾನು ಓಡಿದೆ. ನನ್ನ ವಯಸ್ಸಿನವಳು ಸೀರೆ ಎತ್ತಿ ಕಟ್ಟಿ, ಸೇತುವೆ ದಾಟಿ, ಹಳ್ಳದ ದಂಡೆಗುಂಟ ಓಡುವುದನ್ನು ಊರು ಎಂದೂ ನೋಡಿರಲಿಲ್ಲ. ನೀರು ಮೆಲ್ಲಗೆ ಹರಿಯುತ್ತಿತ್ತು, ಆದರೆ ಅದಕ್ಕೆ ಉಸಿರು ಕಟ್ಟುತ್ತಿರಲಿಲ್ಲ, ನನಗೆ ಕಟ್ಟುತ್ತಿತ್ತು. ಜಾಲಿಗಿಡದ ತಿರುವಿನಲ್ಲಿ ಅದು ನನ್ನನ್ನು ದಾಟಿತು. ನೇರ ದಾರಿಯಲ್ಲಿ ನಾನು ಅದನ್ನು ದಾಟಿದೆ. ದೇವರೇ, ಅವಳು ಇವತ್ತು ತಡವಾಗಿ ಬಂದಿರಲಿ, ಕೊಡ ಮರೆತು ಬಂದಿರಲಿ, ಅತ್ತೆಯ ಜೊತೆ ಜಗಳವಾಡಿ ಮನೆಯಲ್ಲೇ ಕೂತಿರಲಿ ಎಂದು ಬೇಡುತ್ತ ಓಡಿದೆ.

ಪಡುಗೇರಿಯ ಪಾವಟಿಗೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಕೊಡ ಅದ್ದುತ್ತಿದ್ದರು. ತುಂಬುವ ಹೊತ್ತಿನಲ್ಲಿ ಮೂಡಗೇರಿಯವರು ಅಲ್ಲಿ ಕಾಲಿಡುವಂತಿಲ್ಲ. ಬಣ್ಣದ ಕೈಯವರಂತೂ ದೂರವೇ ನಿಲ್ಲಬೇಕು. ಕಸ್ತೂರಿಯ ಅತ್ತೆ ಫಕೀರವ್ವ ನನ್ನನ್ನು ನೋಡಿ ಎದ್ದು ನಿಂತರು. "ಬೀಗ್ತಿ, ಅಲ್ಲೇ ನಿಲ್ರಿ! ಕೈ ನೋಡಿಕೋರಿ, ಮೊಣಕೈತನಕ ನೀಲಿ ಐತಿ!" ಎಂದರು. ನಾನು ನಿಲ್ಲಲಿಲ್ಲ. ಮೆಟ್ಟಿಲಿಳಿದು ಕಸ್ತೂರಿಯ ಟೊಂಕದ ಮೇಲಿನ ಕೊಡಕ್ಕೆ ಕೈಹಾಕಿ ಬೋರಲು ಮಾಡಿದೆ. ಪಕ್ಕದವಳ ಕೊಡ ಒದ್ದೆ. ಅದರ ಪಕ್ಕದ್ದು ತಾನೇ ಉರುಳಿತು. ಹೆಂಗಸರ ಬೈಗುಳ ಮುಗಿಲು ಮುಟ್ಟಿತು. "ಹುಚ್ಚು ಹಿಡದೈತೇನ್ರೀ ನಿಮಗ?" ಎಂದು ಫಕೀರವ್ವ ನನ್ನ ರಟ್ಟೆ ಹಿಡಿದರು. ಹಳ್ಳದ ತಿರುವಿನತ್ತ ಕೈ ಮಾಡಿ ತೋರಿಸಿದೆ.

ನೀಲಿ ಬರುತ್ತಿತ್ತು. ಎಲ್ಲರೂ ನೋಡಿದರು. ಅದು ತಿರುವು ದಾಟಿ, ಎಮ್ಮೆ ಕಟ್ಟುವ ಕಲ್ಲು ದಾಟಿ, ಪಾವಟಿಗೆಯಿಂದ ಒಂದು ಬಿದಿರುಗಳುವಿನಷ್ಟು ದೂರ ಬಂದು ನಿಧಾನಿಸಿತು. ಅಲ್ಲೇ ನಿಂತಿತು. ಆಮೇಲೆ, ನೋಡನೋಡುತ್ತಿದ್ದಂತೆಯೇ, ಹಿಂದಕ್ಕೆ ಸರಿಯತೊಡಗಿತು.

"ನೋಡಿದ್ರಿಲ್ಲೋ?" ಎಂದಳು ಕೊಡ ಕಳೆದುಕೊಂಡವಳೊಬ್ಬಳು. "ಗಂಟಿ ಹೊಡದಿದ್ದಕ್ಕ ಹೊಳ್ಳಿ ಹೋತು. ಈಕಿ ಸುಮ್ಮನ ಊರು ಒಂದು ಮಾಡಿದ್ಲು." ನನ್ನ ಮೈಯೆಲ್ಲ ಉರಿಯಿತು. ಆದರೆ ಹೆಚ್ಚಿನವರು ಅವಳ ಮಾತಿಗೇ ತಲೆಯಾಡಿಸಿದರು. ಫಕೀರವ್ವ ಮಾತ್ರ ನನ್ನ ರಟ್ಟೆ ಬಿಟ್ಟು, ನೀರು ಹಿಂದಕ್ಕೆ ಹೋದ ದಾರಿಯನ್ನೇ ನೋಡುತ್ತ ನಿಂತಿದ್ದರು. ನೀರಿನ ಅಂಚಿನಲ್ಲಿ, ಕೊನೆಯ ಮೆಟ್ಟಿಲಿಗೆ ಎಳೆಯಷ್ಟು ಸಣ್ಣ ನೀಲಿ ಗೆರೆಯೊಂದು ಅಂಟಿಕೊಂಡಿತ್ತು. ಅದು ಆ ದಿನದ್ದಲ್ಲ, ಬಣ್ಣ ತೆಳ್ಳಗಾಗಿ ಯಾರ ಕಣ್ಣಿಗೂ ಬೀಳದೆ ಬಂದುಹೋದ ದಿನಗಳದ್ದು. ಅದರ ಕೆಳಗೆ ಮಾಸಿದ ಇನ್ನೂ ಕೆಲವು ಗೆರೆಗಳಿದ್ದವು. ಅವರು ಬಗ್ಗಿ ಅದನ್ನು ಉಗುರಿನಿಂದ ಕೆರೆದು ನೋಡಿ, ಸೊಸೆಯ ಹೊಟ್ಟೆಯ ಕಡೆ ನೋಡಿದರು.

ಆ ವಾರವೇ ಫಕೀರವ್ವ ತಾವಾಗಿ ಮುಂದೆ ಬಿದ್ದು ಸೀಮಂತದ ಕುಬಸ ಮಾಡಿ ಕಸ್ತೂರಿಯನ್ನು ತವರಿಗೆ ಕಳಿಸಿದರು. "ಬೆಳಗಿನ ನೀರು ಕುಡೀಲಿ. ನಿಮ್ಮ ಕಡೆ ಚಲೋ ಐತಿ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಆ ಮಾತು ಹೇಳುವಾಗ ಅವರಿಗೆ ಎಷ್ಟು ಕಷ್ಟವಾಗಿರಬೇಕು. ಅವರೂ ಮೂಡಗೇರಿಯಲ್ಲಿ ಹುಟ್ಟಿದವರೇ ಅಲ್ಲವೇ, ನೀರು ಕೆಡಿಸುತ್ತಿದ್ದುದು ಅವರ ತವರೇ.

ಕಸ್ತೂರಿ ನಮ್ಮ ಮನೆಯಲ್ಲೇ ಹೆತ್ತಳು. ಹೆಣ್ಣುಮಗು. ಕೆಂಪಗೆ, ಕೈಕಾಲು ಬಡಿಯುತ್ತ, ಕಿರುಚಿದರೆ ಬೀದಿಗೆ ಕೇಳುವಂಥದ್ದು. ಅದರ ಮೈ ಮೇಲೆ ಏನಾದರೂ ಕಲೆಯಿದೆಯೇ ಎಂದು ನಾನು ದಿನವೂ ಎಣ್ಣೆ ಹಚ್ಚುವಾಗ ಬೆರಳ ಸಂದಿಯನ್ನೂ ಬಿಡದೆ ನೋಡುತ್ತಿದ್ದೆ. ಏನೂ ಇರಲಿಲ್ಲ. ಆದರೂ ನೋಡುತ್ತಿದ್ದೆ.

ಅಷ್ಟರಲ್ಲಿ ಹಳ್ಳ ಇನ್ನೂ ತಡ ಮಾಡುತ್ತಿತ್ತು. ಹಿರಿಯರು ಹಳೆಯ ಗಂಟೆ ಇಳಿಸಿ ದೊಡ್ಡದೊಂದನ್ನು ತಂದು ಕಟ್ಟಿದರು. ಅದರ ಸದ್ದಿಗೆ ಕೂಸು ಬೆಚ್ಚಿ ಬೀಳುತ್ತಿತ್ತು, ಹಳ್ಳ ಬೆಚ್ಚಲಿಲ್ಲ. ಇದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ನಮ್ಮ ಕೇರಿಯ ಪಿಸುಮಾತು. ನೀರು ಒಂದು ದಿನ ಹೊಳ್ಳುವುದನ್ನೇ ಬಿಟ್ಟರೆ? ಹಾಗಾದರೆ ನಾವು ಸದಾ ಮೇಲಿನವರು, ಅವರು ಸದಾ ಕೆಳಗಿನವರು. "ಕುಡಿಯಾಕ ಬೆಳಗ್ಗೆ, ತೊಳಿಯಾಕ ಯಾವಾಗ ಬೇಕಾದ್ರೂ. ನಮಗೇನು ನಷ್ಟ?" ಎಂದು ಒಬ್ಬ ಬಣ್ಣಗಾರ ಪಾವಟಿಗೆಯ ಮೇಲೆ ನಗುತ್ತ ಹೇಳಿದ. ಅವನ ಜೊತೆ ಇನ್ನಿಬ್ಬರು ನಕ್ಕರು. ಮರುವಾರ ನಮ್ಮ ಪಕ್ಕದ ಮನೆಯವರು ಪಡುಗೇರಿಗೆ ನಿಶ್ಚಯವಾಗಿದ್ದ ಮಗಳ ವೀಳ್ಯ ವಾಪಸು ಪಡೆದು, ಮೂಡಗೇರಿಯಲ್ಲೇ ಹುಡುಗನನ್ನು ನೋಡತೊಡಗಿದರು. ಯಾರೂ ಅವರನ್ನು ಕೇಳಲಿಲ್ಲ. ಊರು ಮುರಿಯುವ ಸದ್ದು ಇಷ್ಟು ಸಣ್ಣದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ತೊಟ್ಟಿಲ ಕಾರ್ಯ ಮುಗಿದು, ಮಗುವನ್ನು ಕರೆದೊಯ್ಯಲು ಫಕೀರವ್ವ ಬರುವ ಹಿಂದಿನ ಸಂಜೆ ನನ್ನ ಗಂಡ ಮಗಳ ಎದುರು ಕೂತರು. ತುಂಬ ಹೊತ್ತು ಕೂಸಿನ ಅಂಗಾಲು ಸವರುತ್ತಿದ್ದರು. ಆಮೇಲೆ, "ಕಸ್ತೂರಿ, ನೀ ಹೋಗಬ್ಯಾಡವ್ವಾ," ಎಂದರು. "ಅಳಿಯನ್ನೂ ಇಲ್ಲೇ ಕರಸೋಣು. ಬೇಕಾದ್ರ ಬೀಗ್ತಿನೂ ಬರಲಿ. ಇನ್ನ ಮ್ಯಾಲ ಆ ತುದಿ ಬದುಕೋ ಜಾಗಲ್ಲ."

ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಹೇಳುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಹೂಂ ಎಂದರೆ ಸಾಕು ಎಂದು ಸೆರಗನ್ನು ಮುದ್ದೆ ಮಾಡಿ ಹಿಡಿದು ಕೂತಿದ್ದೆ.

ಕಸ್ತೂರಿ ಕೂಸಿಗೆ ಮೊಲೆ ಬಿಡಿಸಿ ಹೆಗಲಿಗೆ ಹಾಕಿಕೊಂಡಳು. "ಅಪ್ಪಾ, ಅವತ್ತು ಗಂಟಿ ಆದಾಗ ಅವ್ವ ಒಬ್ಬಾಕೀನ ಯಾಕ ಓಡಿದ್ಲು? ನಾ ಅಲ್ಲಿದ್ದೆ ಅಂತ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಇಲ್ಲಿ ಬಂದು ಕುಂತ್ರ ಅಲ್ಲಿ ಇರಾವ್ರಿಗೆ ಯಾರು ಓಡತಾರ? ನಮ್ಮ ಅತ್ತಿಗೆ ಯಾರು ಓಡತಾರ? ನಾ ಅಲ್ಲೇ ಇರತೀನಿ. ನಿನ್ನ ಮೊಮ್ಮಗಳೂ ಅಲ್ಲೇ ಇರತಾಳ. ಅಂದ್ರ ನೀ ಲಡಿ ಅದ್ದೋಕಿಂತ ಮೊದಲು ನೀರು ನೋಡತೀ."

ಇವರು ಎದ್ದು ಹೊರಗೆ ಹೋದರು. ನಾನು ಕಣ್ಣೀರು ಹಾಕಿದೆ. ಅವಳ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಹಾಲು ಕುಡಿಯುವ ಕೂಸನ್ನು ಪಣಕ್ಕಿಡುವಷ್ಟು ಗಟ್ಟಿತನವನ್ನು ಈ ಹುಡುಗಿ ಯಾರಿಂದ ಕಲಿತಳೋ.

ಮರುದಿನ ನೆತ್ತಿಯ ಬಿಸಿಲಿನಲ್ಲಿ ಫಕೀರವ್ವ ಮಗನನ್ನು ಕರೆದುಕೊಂಡು ಬಂದರು. ತೊಟ್ಟಿಲನ್ನು ಅಳಿಯ ತಲೆಯ ಮೇಲೆ ಹೊತ್ತ. ಕಸ್ತೂರಿ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಾನು ಸೇತುವೆಯ ನಡುವಿನವರೆಗೂ ಹೋಗಿ, ಅಲ್ಲಿಂದ ಮುಂದೆ ಹೋಗಲಾರದೆ ನಿಂತೆ. ಚಂದ್ರಾಮಪ್ಪ ನನ್ನ ಮುಖ ನೋಡದೆ ಹಗ್ಗ ಹಿಡಿದು ದೊಡ್ಡ ಗಂಟೆಯನ್ನು ಬಾರಿಸಿದ. ಕೂಸು ಬೆಚ್ಚಿ ಕಿರುಚಿತು. ಕಸ್ತೂರಿ ಅದರ ಬೆನ್ನು ತಟ್ಟುತ್ತ, ಹೊರಳಿ ನೋಡದೆ ಪಡುಗೇರಿಯ ಕಡೆ ನಡೆದಳು.

ನಾನು ಕೆಳಗೆ ನೋಡಿದೆ. ಹಳ್ಳವೂ ಆ ಕಡೆಗೇ ಹೋಗುತ್ತಿತ್ತು.

ನಮ್ಮ ಪಾವಟಿಗೆಯಲ್ಲಿ ಬಣ್ಣಗಾರರು ಲಡಿ ಹೊತ್ತು ನಿಂತಿದ್ದರು. ಇವತ್ತು ಕೆಂಪು. ಮುಂದಿನವನಾಗಲೇ ಬಗ್ಗಿದ್ದ. ಅವನ ಪಕ್ಕದಲ್ಲಿ ಇವರು ಹೆಗಲ ಮೇಲಿನ ಲಡಿಯಿಂದ ಬೆನ್ನಿಗೆ ಬಣ್ಣ ಸುರಿಸಿಕೊಳ್ಳುತ್ತ, ಸೇತುವೆ ಇಳಿಯುತ್ತಿದ್ದ ಮಗಳನ್ನೇ ನೋಡುತ್ತಿದ್ದರು. ಆಮೇಲೆ ಬಗ್ಗಿ, ಪಾವಟಿಗೆಯ ಗೋಡೆಯ ಬುಡದಲ್ಲಿ ಚೆಲ್ಲಿದ್ದ ಹೊಟ್ಟನ್ನು ಒಂದು ಹಿಡಿ ತೆಗೆದು ನೀರಿಗೆ ಎಸೆದರು. ಅದು ಹೋದ ದಾರಿಯನ್ನು ನೋಡಿ, ಕೊನೆಯ ಮೆಟ್ಟಿಲ ಮೇಲೆ ಅಡ್ಡಲಾಗಿ ಕೂತುಬಿಟ್ಟರು.

"ಯಮನಪ್ಪಣ್ಣ, ಆ ಕಡಿ ಸರಿ. ಗಂಟಿ ಆತು, ಲಡಿ ಒಣಗಾಕತ್ತಾವು, ಕಲಿ ಬೀಳತಾವು," ಎಂದ ಮುಂದಿನವನು.

"ಬೀಳಲಿ," ಎಂದರು ಇವರು.

ಅವನು ಬಗ್ಗಿದಲ್ಲಿಂದಲೇ ಕತ್ತೆತ್ತಿ ಪಡುಗೇರಿಯ ಕಡೆ ನೋಡಿದ. ಅವನ ತಂಗಿಯನ್ನೂ ಆ ತುದಿಗೇ ಕೊಟ್ಟಿತ್ತು. ಬೈಯುತ್ತಲೇ ಹಿಂದಕ್ಕೆ ಸರಿದು ಕೂತ. ಅವನ ಹಿಂದಿನವರಿಗೆ ಇಳಿಯಲು ದಾರಿಯಿರಲಿಲ್ಲ, ಅವರೂ ಗೊಣಗುತ್ತ ಕೂತರು. ಗಂಟೆಯ ಸದ್ದು ಪೂರ್ತಿ ಅಡಗಿತು. ಹೆಗಲ ಮೇಲಿನ ಕೆಂಪು ಒಣಗುತ್ತ ಹೋಯಿತು. ನಾನು ಸೇತುವೆಯ ಕಟ್ಟೆಗೆ ಎರಡೂ ಕೈಯೂರಿ ಆ ಹೊಟ್ಟನ್ನೇ ನೋಡುತ್ತಿದ್ದೆ. ಅದು ನನ್ನ ಕೆಳಗೆ ದಾಟಿ, ಮಗಳ ಬೆನ್ನ ಹಿಂದೆಯೇ, ಇನ್ನೂ ಪಡುಗೇರಿಯ ಕಡೆಗೇ ಹೋಗುತ್ತಿತ್ತು.